ಕಾರ್ಡು ಕೇಳದೆ ಎದ್ದವಳು

ಅಕ್ಕ ನೀರು ಕುಡಿಯುವಾಗ ಬಾಟಲಿಯನ್ನು ತುಟಿಗೆ ತಾಗಿಸುತ್ತಿರಲಿಲ್ಲ. ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ಗೇಣುದ್ದ ಮೇಲಿನಿಂದ ನೀರನ್ನು ನೇರವಾಗಿ ಗಂಟಲಿಗೆ ಸುರಿದುಕೊಳ್ಳುತ್ತಿದ್ದಳು. ಕತ್ತಿನ ಎರಡೂ ಪಕ್ಕ ನರಗಳು ಉಬ್ಬಿ ನಿಲ್ಲುತ್ತಿದ್ದವು. ಒಂದು ಹನಿಯೂ ರವಿಕೆಯ ಮೇಲೆ ಬೀಳುತ್ತಿರಲಿಲ್ಲ. ಅರ್ಧ ಬಾಟಲಿ ಖಾಲಿಯಾದ ಮೇಲೆ ಮುಂಗೈಯಿಂದ ಬಾಯಿ ಒರೆಸಿಕೊಂಡು, ಅಕ್ಕಪಕ್ಕದ ಯಂತ್ರಗಳ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ನೋಡಿದವರಿಗೆ ಬಾಯಾರಿಕೆಯಾಗುತ್ತಿತ್ತು. ಅವಳಿಗೆ ಬೇಕಾಗಿದ್ದುದೂ ಅದೇ.

ನಾನು ಅವಳನ್ನು ಕಂಡದ್ದು ಸಿಂಗಸಂದ್ರದ ಹತ್ತಿರ, ಹೊಸೂರು ರಸ್ತೆಯಿಂದ ಒಳಗೆ ತಿರುಗಿದರೆ ಸಿಗುತ್ತಿದ್ದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ಅವಳು ಆರನೇ ಲೈನಿನ ಟೈಲರ್. ಅಂಗಿಗೆ ತೋಳು ಕೂಡಿಸುವುದು ಅವಳ ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ತೋಳು, ತೋಳು, ಬರೀ ತೋಳು. ಕನಕಪುರದ ಕಡೆಯ ಒಂದು ಹಳ್ಳಿಯವಳು. ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ಸಿಂಗಸಂದ್ರದ ಗಲ್ಲಿಯ ಒಂದು ಕೋಣೆಯಲ್ಲಿ ಮಗಳೊಂದಿಗೆ ಇದ್ದಳು. ವಯಸ್ಸು ನಲವತ್ತರ ಆಸುಪಾಸು. ಲೈನಿನಲ್ಲಿ ಅವಳಿಗಿಂತ ಹಿರಿಯರೂ ಇದ್ದರು, ಆದರೆ ಅವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ನಾನು ಅಲ್ಲಿ ವೆಲ್‌ಫೇರ್ ಆಫೀಸರ್. ಕಾರ್ಮಿಕರ ಯೋಗಕ್ಷೇಮ ನೋಡಿಕೊಳ್ಳುವವಳು ಎಂದು ಅದರ ಅರ್ಥ. ದಾವಣಗೆರೆಯಲ್ಲಿ ಸಮಾಜಕಾರ್ಯ ಓದಿ, ಇಪ್ಪತ್ನಾಲ್ಕನೇ ವಯಸ್ಸಿಗೆ ಈ ಹುದ್ದೆ ಸಿಕ್ಕಾಗ ನಮ್ಮ ಮನೆಯಲ್ಲಿ ಪೇಡ ಹಂಚಿದ್ದರು. ಸೇರಿದ ತಿಂಗಳೊಳಗೆ ನನ್ನ ಕೆಲಸ ಏನೆಂದು ತಿಳಿಯಿತು. ವಿದೇಶದ ಅಂಗಡಿಗಳು ನಮ್ಮಲ್ಲಿ ಬಟ್ಟೆ ಹೊಲಿಸುತ್ತಿದ್ದವು. ಕಾರ್ಮಿಕರನ್ನು ಇಲ್ಲಿ ಚೆನ್ನಾಗಿ ನಡೆಸಿಕೊಳ್ಳುತ್ತಾರೆಯೇ ಎಂದು ನೋಡಲು ಅವರು ಆಗಾಗ ಆಡಿಟರುಗಳನ್ನು ಕಳಿಸುತ್ತಿದ್ದರು. ಆಡಿಟ್‌ಗೆ ವಾರ ಮೊದಲು ನಾನು ಹೆಂಗಸರನ್ನು ಕ್ಯಾಂಟೀನಿನಲ್ಲಿ ಗುಂಪು ಗುಂಪಾಗಿ ಕೂರಿಸಿ, ಯಾವ ಪ್ರಶ್ನೆಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಬೇಕಿತ್ತು. ಸೂಪರ್‌ವೈಸರ್ ಬೈಯುತ್ತಾರಾ? ಇಲ್ಲ ಮೇಡಂ, ಪ್ರೀತಿಯಿಂದ ಮಾತಾಡಿಸುತ್ತಾರೆ. ನೀರು ಕುಡಿಯಲು, ಟಾಯ್ಲೆಟ್ಟಿಗೆ ಹೋಗಲು ತಡೆಯಿದೆಯಾ? ಇಲ್ಲ ಮೇಡಂ, ಯಾವಾಗ ಬೇಕಾದರೂ ಹೋಗಬಹುದು. ಆ ಪ್ರಶ್ನೋತ್ತರದ ಹಾಳೆಯನ್ನು ಬರೆದವಳು ನಾನೇ. ಮೊದಲಿದ್ದ ಹಾಳೆಯ ಕನ್ನಡ ಸರಿಯಿಲ್ಲ ಎಂದು ಕೂತು ತಿದ್ದಿ, ಓದಲು ಸುಲಭವಾಗಲಿ ಎಂದು ದೊಡ್ಡ ಅಕ್ಷರದಲ್ಲಿ ಪ್ರಿಂಟು ತೆಗೆಸಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈಮೇಲೆ ಹುಳ ಹರಿದಂತಾಗುತ್ತದೆ.

ನಿಜಸಂಗತಿ ಹೀಗಿತ್ತು. ಒಂದು ಲೈನಿನಲ್ಲಿ ನಲವತ್ತು ಹೆಂಗಸರು. ಅವರಿಗೆಲ್ಲ ಸೇರಿ ಒಂದು ಕಾರ್ಡು. ಅಂಗೈಯಗಲದ, ಪ್ಲಾಸ್ಟಿಕ್ ಹೊದಿಸಿದ ಹಳದಿ ಕಾರ್ಡು. ಅದಕ್ಕೊಂದು ಕೆಂಪು ದಾರ. ಸೂಪರ್‌ವೈಸರನ ಮೇಜಿನ ಪಕ್ಕದ ಮೊಳೆಗೆ ಅದನ್ನು ತೂಗುಹಾಕಿರುತ್ತಿದ್ದರು. ಟಾಯ್ಲೆಟ್ಟಿಗೆ ಹೋಗಬೇಕಾದವಳು ಎದ್ದು ಹೋಗಿ ಅವನ ಮುಂದೆ ನಿಂತು ಕತ್ತು ಬಗ್ಗಿಸಬೇಕು. ಅವನು ಕಾರ್ಡನ್ನು ಅವಳ ಕೊರಳಿಗೆ ಹಾಕುತ್ತಾನೆ, ಗಡಿಯಾರ ನೋಡಿಕೊಳ್ಳುತ್ತಾನೆ. ಅವಳು ವಾಪಸ್ಸು ಬಂದು ಕಾರ್ಡು ಕೊಟ್ಟ ಮೇಲೆ ಇನ್ನೊಬ್ಬಳ ಸರದಿ. ಕೈಗೆ ಕೊಟ್ಟರೆ ಎಲ್ಲೋ ಬೀಳಿಸಿಕೊಂಡು ಬರುತ್ತಾರೆ ಅಂತ ಕೊರಳಿಗೆ ಹಾಕುವ ಪದ್ಧತಿಯಂತೆ. ಆ ಗಂಡಸು ಲೋಟದ ತುಂಬ ಟೀ ಹೀರುತ್ತ, ಮಕ್ಕಳ ತಾಯಂದಿರ ಕೊರಳಿಗೆ ಆ ದಾರ ಹಾಕುವುದನ್ನು ನಾನು ದಿನಾ ನೋಡಿದ್ದೇನೆ. ನೋಡಿಯೂ ಊಟ ಮಾಡಿದ್ದೇನೆ.

ಅದಕ್ಕೇ ಆ ಹೆಂಗಸರು ನೀರು ಕುಡಿಯುತ್ತಿರಲಿಲ್ಲ. ಬೆಳಗ್ಗೆ ಮನೆ ಬಿಡುವಾಗ ಅರ್ಧ ಲೋಟ ಟೀ, ಮಧ್ಯಾಹ್ನ ಊಟದ ಜೊತೆ ಎರಡು ಗುಟುಕು ನೀರು, ಅಷ್ಟೇ. ಮೇ ತಿಂಗಳಲ್ಲಿ, ತಗಡಿನ ಛಾವಣಿಯ ಕೆಳಗೆ, ಇಸ್ತ್ರಿಪೆಟ್ಟಿಗೆಗಳ ಹಬೆಯ ನಡುವೆಯೂ ಅಷ್ಟೇ. ಯಾರೂ ಅವರಿಗೆ ನೀರು ಕುಡಿಯಬೇಡಿ ಎಂದಿರಲಿಲ್ಲ. ಕುಡಿಯುವ ನೀರಿನ ಯಂತ್ರ ಇತ್ತು, ಅದರ ಮೇಲೆ ಶುದ್ಧ ನೀರು ಎಂಬ ಬೋರ್ಡೂ ಇತ್ತು. ಅದರ ಫೋಟೋ ತೆಗೆದು ನಾನೇ ವರದಿಗೆ ಅಂಟಿಸುತ್ತಿದ್ದೆ.

ಒಂದು ದಿನ ಅಕ್ಕನ ಪಕ್ಕದ ಯಂತ್ರದ ಹುಡುಗಿ ಹೊಟ್ಟೆ ಹಿಡಿದುಕೊಂಡು ಕುಸಿದಳು. ಕಾರ್ಖಾನೆಯ ನರ್ಸ್ ನೋಡಿ, ಮೂತ್ರದ ಸೋಂಕು ಎಂದು ಮಾತ್ರೆ ಕೊಟ್ಟಳು. ಅಕ್ಕ ಹುಡುಗಿಯನ್ನು ಕರೆದುಕೊಂಡು ಸೀದಾ ನನ್ನ ಕೋಣೆಗೆ ಬಂದಳು. ಅಲ್ಲಿಯವರೆಗೆ ಅವಳೊಂದಿಗೆ ನಾನು ಮಾತಾಡಿರಲಿಲ್ಲ.

"ಮೇಡಂ, ನರ್ಸಮ್ಮ ನೀರು ಜಾಸ್ತಿ ಕುಡಿ ಅಂತಾಳೆ. ಸೂಪರ್‌ವೈಸ್ರು ಕಾರ್ಡ್ ಕೊಡಲ್ಲ ಅಂತಾನೆ. ಈ ಮಗ ಯಾರ್ ಮಾತು ಕೇಳ್ಬೇಕು?"

ನಾನು ತಲೆಯೆತ್ತದೆ, "ಸೂಪರ್‌ವೈಸರ್ ಹತ್ತಿರ ಮಾತಾಡ್ತೀನಿ ಅಕ್ಕಾ, ನೀವು ಲೈನಿಗೆ ಹೋಗಿ" ಎಂದೆ.

"ಮಾತಾಡ್ತೀರಾ?"

"ಮಾತಾಡ್ತೀನಿ ಅಂದೆನಲ್ಲ."

"ಇವತ್ತೇ ಮಾತಾಡ್ತೀರಾ?"

ನಾನು ಎದುರಿಗಿದ್ದ ಕಡತದ ಹಾಳೆ ತಿರುವಿದೆ. ಅವಳು "ಸರಿ ಬುಡಿ" ಎಂದು ಹುಡುಗಿಯ ಹೆಗಲು ಹಿಡಿದುಕೊಂಡು ಹೊರಟುಹೋದಳು. ನಾನು ಸೂಪರ್‌ವೈಸರ್ ಹತ್ತಿರ ಮಾತಾಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಮರುದಿನ ಅಕ್ಕ ಎರಡು ಲೀಟರಿನ ಬಾಟಲಿ ತಂದಳು. ಗಂಟೆಗೊಮ್ಮೆ ಬೋರ್ಡಿನ ಮೇಲೆ ಎಷ್ಟು ಅಂಗಿ ಆಯಿತೆಂದು ಬರೆಯಲು ಸೂಪರ್‌ವೈಸರ್ ಎದ್ದಾಗಲೆಲ್ಲ ಅವಳು ಬಾಟಲಿ ಎತ್ತುತ್ತಿದ್ದಳು. ಮೇಲೆ ಹೇಳಿದ ಹಾಗೆ ಕುಡಿದು, ಬಾಟಲಿಯನ್ನು ಹಿಂದಿನವಳ ಕಡೆ ಚಾಚಿ, "ಕುಡಿಯೇ. ಒಟ್ಟೆ ಏನು ಒಣಗ್ಸಕ್ಕೆ ಇಟ್ಕೊಂಡಿದೀಯಾ?" ಎನ್ನುತ್ತಿದ್ದಳು. ಮೊದಲು ಇಬ್ಬರು ಕುಡಿದರು. ಆಮೇಲೆ ಹತ್ತು ಜನ. ಆಮೇಲೆ ಎಲ್ಲರೂ ತಮ್ಮ ತಮ್ಮ ಬಾಟಲಿ ತಂದರು. ನಲವತ್ತು ಹೆಂಗಸರು ನೀರು ಕುಡಿದರೆ ಒಂದು ಕಾರ್ಡು ಸಾಲುತ್ತದೆಯೇ? ಸೂಪರ್‌ವೈಸರನ ಮೇಜಿನ ಮುಂದೆ ರೇಷನ್ ಅಂಗಡಿಯ ಹಾಗೆ ಸಾಲು ನಿಂತಿತು. ಲೈನು ಕುಂಟತೊಡಗಿತು.

"ಏನ್ರಮ್ಮಾ, ಮನೇಲಿ ಮುಗಿಸ್ಕೊಂಡು ಬರಕ್ಕಾಗಲ್ವಾ? ಎಮ್ಮೆಗಳ ಥರ ಕುಡಿಯೋದು, ಎಮ್ಮೆಗಳ ಥರ ಹೊಯ್ಯೋದು!" ಎಂದು ಅವನು ಇಡೀ ಹಾಲಿಗೆ ಕೇಳುವಂತೆ ಕೂಗಿದ. ಇದಕ್ಕಿಂತ ಹೊಲಸು ಮಾತನ್ನೂ ಆಡಿದ, ಅದನ್ನು ನಾನು ಬರೆಯಲಾರೆ. ಅಕ್ಕ ಯಂತ್ರ ನಿಲ್ಲಿಸದೆಯೇ ಹೇಳಿದಳು: "ಎಮ್ಮೆನಾದ್ರೆ ಯಾರೂ ಕಾರ್ಡ್ ಕೇಳಲ್ಲ ಸಾರ್. ಅದೇ ವಾಸಿ."

ಎರಡು ವಾರದಲ್ಲಿ ಬಾಟಲಿ ನಿಷೇಧವಾಯಿತು. ನೀರು ಚೆಲ್ಲಿ ಬಟ್ಟೆ ಕಲೆಯಾಗುತ್ತದೆ ಎಂಬ ಕಾರಣ ಕೊಟ್ಟು ಸುತ್ತೋಲೆ ಬರೆದವಳೂ ನಾನೇ. ಆಗ ನಮ್ಮಲ್ಲಿ ಹೊಲಿಯುತ್ತಿದ್ದುದು ಹೆಣ್ಣುಮಕ್ಕಳ ಟೀ ಶರ್ಟು. ಎದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ದೊಡ್ಡದಾಗಿ ಮುದ್ರಿಸಿತ್ತು. ಸುತ್ತೋಲೆ ಅಂಟಿಸಲು ಹೋದಾಗ ಅಕ್ಕ ಒಂದು ಅಂಗಿ ಹಿಡಿದು ತೋರಿಸಿ, "ಏನಂತ ಬರ್ದದೆ ಮೇಡಂ ಇದ್ರಾಗೆ?" ಎಂದು ಕೇಳಿದಳು.

"ನಾನು ಯಾರಿಗೂ ಹೆದರದ ಹೆಣ್ಣು, ಅಂತ."

ಅಕ್ಕ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾರಂತೆ ಅವ್ಳು? ಇಲ್ಲಿಗೆ ಬಂದು ಎಲ್ಡ್ ದಿನ ಕೂತ್ಕೊಳ್ಳಕ್ಕೆ ಯೋಳಿ" ಎಂದು ತೋಳು ಕೂಡಿಸಲು ಶುರುಮಾಡಿದಳು. ಅಕ್ಕಪಕ್ಕದವರು ನಕ್ಕರು. ಸುತ್ತೋಲೆಯ ನಾಲ್ಕನೇ ಮೂಲೆಗೆ ಟೇಪು ಅಂಟಿಸುತ್ತಿದ್ದ ನನಗೆ ನಗು ಬರಲಿಲ್ಲ.

ಅದೇ ತಿಂಗಳು ಆಡಿಟ್ ಬಂತು. ಆ ದಿನ ಬೆಳಗ್ಗೆ ಎಲ್ಲ ಲೈನಿನ ಕಾರ್ಡುಗಳನ್ನೂ ಸಂಗ್ರಹಿಸಿ ನನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಟಾಯ್ಲೆಟ್ಟುಗಳಲ್ಲಿ ಸೋಪು, ಬಕೆಟ್ಟು, ಘಮಘಮ ಎನ್ನುವ ಫಿನಾಯಿಲ್ ಎಲ್ಲ ಬಂದವು. ಸಾಮಾನ್ಯವಾಗಿ ಬಾಯಿಬಡುಕರನ್ನು ಅಂಥ ದಿನ ರಜೆ ಕೊಟ್ಟು ಕಳಿಸುತ್ತಿದ್ದರು. ಆದರೆ ಸಾಗಣೆಯ ತರಾತುರಿ ಇತ್ತು, ತೋಳು ಕೂಡಿಸಲು ಅಕ್ಕನಷ್ಟು ಕೈಚುರುಕಿನವರು ಇರಲಿಲ್ಲ. ಅವಳನ್ನು ಉಳಿಸಿಕೊಂಡರು. ಹಿಂದಿನ ಸಂಜೆ ಅವಳು ಗೇಟಿನ ಬಳಿ ನನಗೆ ನೇರವಾಗಿಯೇ ಹೇಳಿದ್ದಳು: "ನಾಳೆ ಆಡಿಟ್‌ಗೆ ಬರೋ ಆವಮ್ಮ ನನ್ನ ಕೇಳ್ಲಿ ಬುಡ್ಲಿ, ನಾನು ಕಾರ್ಡಿನ ವಿಚಾರ ಯೋಳೇ ಯೋಳ್ತೀನಿ. ನಿಮ್ ಹಾಳೆ ನನ್ ಬಾಯ್ಗೆ ಬರಾಕಿಲ್ಲ." ನಾನು ಇದನ್ನು ಮ್ಯಾನೇಜರಿಗೆ ತಿಳಿಸಲಿಲ್ಲ. ಧೈರ್ಯದಿಂದ ಅಲ್ಲ, ತಿಳಿಸಿದರೆ ನನ್ನನ್ನೇ ಬೈಯುತ್ತಾರೆ ಎಂದು.

ಆಡಿಟರ್ ಒಬ್ಬ ಸಂಭಾವಿತ ಹೆಂಗಸು. ಕನ್ನಡ ಬಾರದು. ಜೊತೆಗೆ ಬರಬೇಕಾಗಿದ್ದ ಅನುವಾದಕಿ ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಫೋನು ಮಾಡಿದಳು. ಅವಳು ಬರುವ ತನಕ ಹಾಲು ನೋಡಿಬಿಡೋಣ, ನೀವೇ ಅನುವಾದಿಸಿ ಎಂದು ಆಡಿಟರ್ ನನ್ನನ್ನು ಕರೆದುಕೊಂಡು ಹೊರಟರು. ಒಂದೊಂದೇ ಲೈನು ದಾಟಿ ಆರನೆಯದಕ್ಕೆ ಬಂದೆವು. ಅಕ್ಕ ನಮ್ಮನ್ನು ನೋಡಿದಳು. ಯಂತ್ರ ನಿಲ್ಲಿಸಿ ಎದ್ದಳು. ಹೇಳಿಯೇ ಬಿಡುತ್ತಾಳೆ ಎಂದುಕೊಂಡೆ.

ಅವಳು ಮಾತಾಡಲೆಂದು ಎದ್ದದ್ದಲ್ಲ. ಬೆಳಗ್ಗೆಯಿಂದ ತಡೆದುಕೊಂಡಿದ್ದಳು, ಟಾಯ್ಲೆಟ್ಟಿಗೆ ಹೋಗಬೇಕಿತ್ತು. ಹೋಗಿ ಬಂದು ಮಾತಾಡೋಣ ಎಂದುಕೊಂಡಿದ್ದಳಂತೆ, ಆಮೇಲೆ ಹೇಳಿದಳು. ಆ ದಿನ ಕಾರ್ಡಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಅವಳ ಕಾಲು ನೇರ ಬಾಗಿಲಿನ ಕಡೆ ಹೋಗದೆ ಸೂಪರ್‌ವೈಸರನ ಮೇಜಿನ ಕಡೆ ಹೋಯಿತು. ಅವನ ಮುಂದೆ ನಿಂತು ಅವಳು ಕತ್ತು ಬಗ್ಗಿಸಿದಳು. ಅವನೂ, ಏನೋ ಬರೆಯುತ್ತಿದ್ದವನು ತಲೆಯೆತ್ತದೆ, ಅಭ್ಯಾಸಬಲದಿಂದ ಮೊಳೆಗೆ ಕೈ ಹಾಕಿದ. ಮೊಳೆ ಬರಿದಾಗಿತ್ತು. ಅವನ ಕೈ ಗಾಳಿಯಲ್ಲಿ ನಿಂತಿತು. ಅವಳು ಕತ್ತು ಬಗ್ಗಿಸಿಯೇ ನಿಂತಿದ್ದಳು. ಇಡೀ ಲೈನು ಹೊಲಿಯುವುದನ್ನು ಬಿಟ್ಟು ನೋಡುತ್ತಿತ್ತು.

ಆಡಿಟರ್ ಕೈಯಲ್ಲಿದ್ದ ಪೆನ್ನಿನಿಂದಲೇ ತೋರಿಸುತ್ತ ನನ್ನನ್ನು ಕೇಳಿದರು, ಆಕೆ ಏನು ಮಾಡುತ್ತಿದ್ದಾರೆ ಎಂದು.

ಒಂದು ವಾಕ್ಯ ಸಾಕಿತ್ತು. ಆ ಒಂದು ವಾಕ್ಯದ ಇಂಗ್ಲಿಷು ನನಗೆ ಬರುತ್ತಿತ್ತು. ನಾನು ಹೇಳಿದ್ದು ಬೇರೆ. ಆಕೆ ಗುರುತಿನ ಚೀಟಿ ಮರೆತು ಬಂದಿದ್ದಾರೆ, ಅದನ್ನು ಪಡೆಯಲು ಬಂದಿದ್ದಾರೆ, ನಮ್ಮಲ್ಲಿ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಳ್ಳುವುದು ಕಡ್ಡಾಯ ಎಂದೆ. ಆಡಿಟರ್ ಮುಗುಳ್ನಕ್ಕು, ಒಳ್ಳೆಯ ಪದ್ಧತಿ ಎಂದು ಬರೆದುಕೊಂಡು ಏಳನೇ ಲೈನಿಗೆ ಹೋದರು. ಅಕ್ಕ ನೆಟ್ಟಗಾದಳು. ಅವಳ ಮುಖ ಬಿಳುಚಿಕೊಂಡಿತ್ತು. ಟಾಯ್ಲೆಟ್ಟಿಗೆ ಹೋದವಳು ನಾವು ಹಾಲು ಬಿಡುವ ತನಕ ಹೊರಗೆ ಬರಲಿಲ್ಲ. ಸಂದರ್ಶನಕ್ಕೆ ಕರೆದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ಅಷ್ಟನ್ನು ಮ್ಯಾನೇಜರ್ ನೋಡಿಕೊಂಡಿದ್ದರು. ನಾವು ಆಡಿಟ್‌ನಲ್ಲಿ ಒಳ್ಳೆಯ ದರ್ಜೆಯಲ್ಲೇ ಪಾಸಾದೆವು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಜಾಮೂನು ಕೊಟ್ಟರು. ನಾನೂ ತಿಂದೆ.

ಸಂಜೆ ಬಸ್‌ಸ್ಟಾಪಿನಲ್ಲಿ ಅಕ್ಕ ಒಬ್ಬಳೇ ನಿಂತಿದ್ದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನೀವ್ ಏನ್ ಯೋಳಿದ್ರೋ ನಂಗೆ ಗೊತ್ತಿಲ್ಲ ಮೇಡಂ. ಏನೋ ಸುಳ್ಳು ಯೋಳಿದ್ರಿ, ಅಷ್ಟು ಗೊತ್ತಾಯ್ತು. ಅದುಕ್ಕೆ ನಂಗೆ ಸಿಟ್ಟಿಲ್ಲ, ನಿಮ್ ಕೆಲ್ಸಾನೇ ಅದು" ಎಂದಳು. ಆಮೇಲೆ ತನ್ನ ಕತ್ತಿನ ಹಿಂಭಾಗವನ್ನು ಕೈಯಿಂದ ಗಸಗಸ ಉಜ್ಜಿಕೊಂಡಳು. "ಇದು ಬಗ್ತಲ್ಲ ಮೇಡಂ. ಯಾರೂ ಬಗ್ಸಿಲ್ಲ, ಅದಷ್ಟುಕ್ಕೆ ಅದೇ ಬಗ್ತು. ಥೂ! ನನ್ ಮೈ ಮೇಲೆ ನಂಗೇ ಅಸಹ್ಯ ಆಯ್ತದೆ. ಇವ್ರು ನನ್ನ ಏನ್ ಮಾಡ್ಬುಟ್ಟವ್ರೆ ನೋಡಿ."

ಬಸ್ಸು ಬಂತು, ಹತ್ತಿದಳು. ಆ ಕಾರ್ಖಾನೆಯಲ್ಲಿ ಕಂಡ ಹೊಲಸುಗಳನ್ನೆಲ್ಲ ಒಂದು ಪಕ್ಕಕ್ಕಿಟ್ಟರೆ, ಒಬ್ಬ ಹೆಂಗಸಿಗೆ ತನ್ನ ಕತ್ತಿನ ಮೇಲೇ ಅಸಹ್ಯ ಬರುವಂತೆ ಮಾಡಿದ್ದು ಇನ್ನೊಂದು ಪಕ್ಕದಲ್ಲಿ ಅದೊಂದೇ ಅಷ್ಟಕ್ಕೂ ಸಮನಾಗಿ ನಿಲ್ಲುತ್ತದೆ. ಅವಳಿಗೆ ಅವಳ ಕತ್ತಿನ ಮೇಲೆ ಬಂದ ಅಸಹ್ಯ ನನಗೆ ನನ್ನ ನಾಲಗೆಯ ಮೇಲೆ ಬರಬೇಕಿತ್ತು. ಬಂತು, ಆದರೆ ತಡವಾಗಿ.

ಮರುದಿನ ಕಾರ್ಡು ಮೊಳೆಗೆ ವಾಪಸ್ಸು ಬಂತು. ಹತ್ತೂವರೆಗೆ ಅಕ್ಕ ಎದ್ದಳು. ಮೇಜಿನ ಕಡೆ ನೋಡಲೂ ಇಲ್ಲ, ನೇರ ಬಾಗಿಲಿಗೆ ನಡೆದಳು. "ಏಯ್, ಕಾರ್ಡ್!" ಎಂದು ಸೂಪರ್‌ವೈಸರ್ ಕೂಗಿದ. ಅವಳು ಹೋದಳು, ಬಂದಳು, ಕೂತಳು, ಹೊಲಿದಳು. ಮಧ್ಯಾಹ್ನ ಮತ್ತೆ ಅದೇ. ಮೂರನೇ ದಿನ ಮ್ಯಾನೇಜರ್ ನನ್ನನ್ನು ಕರೆದು, "ಮೇಡಂ, ಇದು ಟೂ ಮಚ್ ಆಯ್ತು. ಅನುಮತಿ ಇಲ್ದೆ ಕೆಲಸದ ಜಾಗ ಬಿಟ್ಟಿದಾಳೆ ಅಂತ ಮೆಮೊ ಕೊಡಿ. ರಿಪ್ಲೈ ತಗೊಳ್ಳಿ. ಇನ್ನೆರಡು ಸಲ ಆದ್ರೆ ಕಳಿಸ್ಬಿಡೋಣ" ಎಂದರು. ಕೆಲಸ ಹೋದರೆ ಅಕ್ಕನಿಗೆ ಮನೆ ನಡೆಸಲು ಬೇರೆ ದಾರಿಯಿರಲಿಲ್ಲ. ಮಗಳು ಆಗಿನ್ನೂ ಪಿಯುಸಿ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಕ್ಕನಿಗೆ ಓದಲು ಬರುತ್ತಿತ್ತು, ಬರೆಯುವುದು ನಿಧಾನ. ಮೆಮೊಗೆ ಉತ್ತರವನ್ನು ಕಾರ್ಮಿಕರು ಹೇಳಿದ ಹಾಗೆ ನಾನು ಬರೆದು ಸಹಿ ಹಾಕಿಸಿಕೊಳ್ಳುವುದು ವಾಡಿಕೆ. ಹೇಳಿದ ಹಾಗೆ ಎಂದರೆ, ಹೇಳಿದ್ದನ್ನು ಸೋಸಿ, ಕ್ಷಮೆ ಸೇರಿಸಿ. ನಾನು ಬರೆಯತೊಡಗಿದೆ: ಮಾನ್ಯರೇ, ವೈಯಕ್ತಿಕ ಕಾರಣದಿಂದ...

"ಏನ್ ಬರುದ್ರಿ?"

ಓದಿದೆ.

"ವೈಯಕ್ತಿಕ ಯಾಕೆ? ಉಚ್ಚೆ ಹುಯ್ಯಕ್ಕೆ ಓಗಿದ್ದೆ. ಅಂಗೇ ಬರೀರಿ."

"ಅಕ್ಕಾ, ಫೈಲಿಗೆ ಹೋಗೋ ಪತ್ರ. ಹಂಗೆಲ್ಲ ಬರೆಯೋಕೆ ಬರಲ್ಲ."

"ಯಾಕ್ ಬರಾಕಿಲ್ಲ? ಅದು ಕನ್ನಡ ಅಲ್ವಾ?" ಎಂದು ಮೇಜಿನ ಮೇಲೆ ಎರಡೂ ಕೈ ಊರಿದಳು. "ನೋಡಿ ಮೇಡಂ. ನಾನು ಕಳ್ತನ ಮಾಡಕ್ಕೆ ಓಗಿರ್ಲಿಲ್ಲ. ಹರಟೆ ಹೊಡೆಯಕ್ಕೆ ಓಗಿರ್ಲಿಲ್ಲ. ಉಚ್ಚೆಗೆ ಓಗಿದ್ದೆ, ನಾಳೆನೂ ಓಗ್ತೀನಿ. ನಾನ್ ಯೋಳಿದ್ದುನ್ನೇ ಬರುದ್ರೆ ಸಹಿ ಆಕ್ತೀನಿ. ಇಲ್ದಿದ್ರೆ ಆಕಾಕಿಲ್ಲ."

ಹಾಳೆ ಹರಿದು ಹೊಸದು ತೆಗೆದುಕೊಂಡೆ. ದಿನಾಂಕದ ಕೆಳಗೆ ಒಂದೇ ಸಾಲು ಬರೆದೆ: ನಾನು ಉಚ್ಚೆ ಹೊಯ್ಯಲು ಹೋಗಿದ್ದೆ, ನಾಳೆಯೂ ಹೋಗುತ್ತೇನೆ. ಆ ಕಾರ್ಖಾನೆಯಲ್ಲಿ ನಾನು ಬರೆದ ಮೊದಲ ನಿಜ ಅದು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು, ಸಹಿ ಹಾಕಿದಳು. ಆಮೇಲೆ "ಇದುಕ್ಕೆ ಸೀಲ್ ಒತ್ತಿ ನಂಗೊಂದು ಕಾಪಿ ಕೊಡಿ" ಎಂದಳು. ಪತ್ರ ತಲುಪಿದ್ದಕ್ಕೆ ಸೀಲು ಒತ್ತಿ ನಕಲು ಕೊಡುವುದು ನಿಯಮದಲ್ಲಿತ್ತು, ಆದರೆ ಯಾರೂ ಕೇಳುತ್ತಿರಲಿಲ್ಲ. ಒತ್ತಿ ಕೊಟ್ಟೆ.

ಮರುದಿನ ಆರನೇ ಲೈನಿನಲ್ಲಿ ಇನ್ನೂ ಆರು ಜನ ಕಾರ್ಡಿಲ್ಲದೆ ಎದ್ದರು. ಅವರಿಗೂ ಮೆಮೊ. ಅವರೂ ನನ್ನ ಕೋಣೆಗೆ ಬಂದು, "ಅಕ್ಕಂಗೆ ಬರ್ಕೊಟ್ರಲ್ಲ, ಅದುನ್ನೇ ಬರೀರಿ" ಎಂದರು. ಒಂದು ವಾರದಲ್ಲಿ ನಲವತ್ತೂ ಜನ. ನಲವತ್ತು ಸಲ ಅದೇ ಸಾಲು ಬರೆದು, ನಲವತ್ತು ಸಲ ಸೀಲು ಒತ್ತಿದೆ. ಕೊನೆಯ ದಿನಗಳಲ್ಲಿ ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತ ಬಂದರು. ಕುಸಿದು ಬಿದ್ದಿದ್ದ ಹುಡುಗಿ ಮಾತ್ರ ನಗದೆ, ತಾನೇ ಪೆನ್ನು ತೆಗೆದುಕೊಂಡು ದುಂಡಗೆ ಬರೆದುಕೊಟ್ಟಳು.

ಮ್ಯಾನೇಜರ್ ಆ ಕಟ್ಟನ್ನು ನೋಡಿದಾಗ ಅವರ ಮುಖ ನೋಡಬೇಕಿತ್ತು. "ಏನ್ರೀ ಇದು ಹೇಸಿಗೆ!" ಎಂದರು. ಹೇಸಿಗೆ! ವರ್ಷಗಟ್ಟಲೆ ನಡೆದ ಕಾರ್ಡು ಹೇಸಿಗೆಯಲ್ಲ, ಈ ಪದ ಹೇಸಿಗೆ. ಎಲ್ಲ ಹರಿದುಹಾಕಿ ಎಂದರು. ಸೀಲು ಒತ್ತಿದ ನಕಲು ಎಲ್ಲರ ಮನೆಯಲ್ಲೂ ಇದೆ ಸಾರ್ ಎಂದೆ. ಅವರು ಕುರ್ಚಿಗೆ ಒರಗಿ ಕೂತರು. ಒಂದು ಪತ್ರವಾದರೆ ಮುಚ್ಚಿಡಬಹುದು. ನಲವತ್ತರಲ್ಲಿ ಒಂದು ಆಡಿಟರ್ ಕೈಗೆ ಸಿಕ್ಕರೂ ಆರ್ಡರು ಹೋಗುತ್ತದೆ. ಎರಡು ದಿನದ ನಂತರ ಮೆಮೊಗಳೆಲ್ಲ ವಾಪಸ್ಸಾದವು. ಕಾರ್ಡುಗಳು ಕಾಣೆಯಾದವು. ಯಾರೂ ಘೋಷಣೆ ಮಾಡಲಿಲ್ಲ, ಯಾರೂ ಕ್ಷಮೆ ಕೇಳಲಿಲ್ಲ. ಮೊಳೆಯನ್ನು ಕಿತ್ತು ಗೋಡೆಗೆ ಸುಣ್ಣ ಬಳಿದರು, ಅಷ್ಟೇ.

ಅಕ್ಕನನ್ನು ಮಾತ್ರ ಬಿಡಲಿಲ್ಲ. ಟೈಲರ್ ಕೆಲಸದಿಂದ ತೆಗೆದು ದಾರ ಕತ್ತರಿಸುವ ವಿಭಾಗಕ್ಕೆ ಹಾಕಿದರು. ಹೊಸದಾಗಿ ಸೇರಿದ ಹುಡುಗಿಯರು ನಿಂತುಕೊಂಡು ಮಾಡುವ ಕೆಲಸ ಅದು. ಹದಿನೈದು ವರ್ಷ ಹೊಲಿದ ಕೈಗೆ ಕತ್ತರಿ ಕೊಟ್ಟರು. ಆ ಆದೇಶವನ್ನೂ ನಾನೇ ಟೈಪು ಮಾಡಿದೆ. ಅವಳು ಓದಿ, "ಒಳ್ಳೇದಾಯ್ತು. ಈ ವಿಭಾಗ ಟಾಯ್ಲೆಟ್ಟಿಗೆ ಅತ್ರ" ಎಂದಳು.

ಅಲ್ಲಿಂದ ಎರಡು ತಿಂಗಳಿಗೆ ನಾನು ಆ ಕೆಲಸ ಬಿಟ್ಟೆ. ಬೆಳ್ಳಂದೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್ ಆಗಿ ಸೇರಿಕೊಂಡೆ. ಅಂತಃಸಾಕ್ಷಿ ಚುಚ್ಚಿ ಬಿಟ್ಟೆ ಎಂದು ಗೆಳತಿಯರ ಮುಂದೆ ಹೇಳಿಕೊಂಡಿದ್ದೂ ಇದೆ. ಸಂಬಳ ಜಾಸ್ತಿ ಇತ್ತು, ಅದಕ್ಕೆ ಬಿಟ್ಟೆ. ಕೆಲವು ವರ್ಷಗಳ ಮೇಲೆ ಕಾರ್ಖಾನೆಯೇ ಬೇರೆ ಊರಿಗೆ ಹೋಯಿತು ಎಂದು ಕೇಳಿದೆ. ಅಲ್ಲಿ ಹೆಂಗಸರು ಇನ್ನೂ ಕಡಿಮೆ ಕೂಲಿಗೆ ಸಿಗುತ್ತಾರಂತೆ, ಇನ್ನೂ ಕಡಿಮೆ ಮಾತಾಡುತ್ತಾರಂತೆ.

ಕಳೆದ ವರ್ಷ ಒಂದು ಫೋನು ಬಂತು. ಆವತ್ತು ಕುಸಿದು ಬಿದ್ದಿದ್ದ ಹುಡುಗಿ. ಈಗ ಅವಳಿಗೂ ಇಬ್ಬರು ಮಕ್ಕಳು. "ಅಕ್ಕ ಆಸ್ಪತ್ರೇಲವ್ರೆ ಮೇಡಂ. ಕಿಡ್ನಿ ಎರಡೂ ಹೋಗವಂತೆ" ಎಂದಳು.

ಹೋದೆ. ಅಕ್ಕ ಅರ್ಧಕ್ಕೆ ಅರ್ಧ ಇಳಿದುಹೋಗಿದ್ದಳು, ಪಾದಗಳು ಮಾತ್ರ ಊದಿಕೊಂಡಿದ್ದವು. ಆಸ್ಪತ್ರೆಯ ಹಾಳೆಯಲ್ಲಿ ರೋಗದ ಕಾರಣ ಎಂಬಲ್ಲಿ ಬಿಪಿ ಎಂದು ಬರೆದಿತ್ತು. ಹದಿನೈದು ವರ್ಷ ನೀರು ಕುಡಿಯದೆ, ತಡೆದುಕೊಂಡು, ಸೋಂಕಾದಾಗ ಮಾತ್ರೆ ನುಂಗಿ ಮತ್ತೆ ಹೊಲಿಯಲು ಕೂತದ್ದನ್ನು ಯಾವ ಡಾಕ್ಟರೂ ಬರೆಯುವುದಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ನಾನು ಡಾಕ್ಟರನ್ನು ಕೇಳಿದೆ. ಇರಬಹುದು, ಖಚಿತವಾಗಿ ಹೇಳಲಾಗದು ಎಂದರು. ಖಚಿತವಾಗಿ ಹೇಳಲಾಗದು ಎಂಬ ಮಾತಿನ ಹಿಂದೆ ಎಷ್ಟು ಜನ ನೆಮ್ಮದಿಯಾಗಿ ಮಲಗುತ್ತಾರೋ.

ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಮಾಡಿ ಕೊಡುತ್ತಿದ್ದರು. ಆ ಕಾಯಿಲೆಗೆ ಜಾಸ್ತಿ ನೀರು ಕುಡಿಯಬಾರದಂತೆ. "ನೋಡ್ದಾ ಕಣವ್ವಾ, ಕುಡಿಯಂಗಿಲ್ವಂತೆ ನಾನು" ಎಂದು ಅವಳೇ ನಕ್ಕಳು. ತುಟಿ ಒಡೆದಿದ್ದವು. ಮಗಳು ಒದ್ದೆ ಬಟ್ಟೆಯಿಂದ ಅವುಗಳನ್ನು ಸವರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದುಕೊಂಡು, ಆಡಿಟ್ ದಿನ ನಾನು ಏನು ಹೇಳಿದೆ ಎಂಬುದನ್ನು ಮೊದಲ ಸಲ ಪೂರ್ತಿ ಹೇಳಿದೆ. ಗುರುತಿನ ಚೀಟಿ, ಕಡ್ಡಾಯ, ಒಳ್ಳೆಯ ಪದ್ಧತಿ, ಎಲ್ಲ. "ನನ್ನ ಕ್ಷಮಿಸಿಬಿಡಿ ಅಕ್ಕಾ" ಎಂದು ಅತ್ತೆ.

ಅಕ್ಕ ಅಳಲಿಲ್ಲ. ಕ್ಷಮಿಸಲೂ ಇಲ್ಲ. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ನಂಗ್ಯಾಕೆ ಯೋಳ್ತೀಯಾ? ನಂಗೇನ್ ನೀನು ಸುಳ್ಳು ಯೋಳಿದ್ಯಾ? ಆವಮ್ಮಂಗೆ ಯೋಳಿದ್ದು. ಓಗಿ ಆವಮ್ಮಂಗೆ ಯೋಳು."

ಹತ್ತು ವರ್ಷದಲ್ಲಿ ಮೇಡಂ ಎನ್ನದೆ ನನ್ನನ್ನು ನೀನು ಎಂದದ್ದು ಆ ದಿನ ಮಾತ್ರ. ಮುಂದಿನ ವಾರ ಅವಳು ತೀರಿಕೊಂಡಳು. ಆರನೇ ಲೈನಿನ ಹೆಂಗಸರು ಎಲ್ಲೆಲ್ಲಿಂದಲೋ ಬಂದಿದ್ದರು. ಬಹಳ ಜನ ಬೇರೆ ಕಾರ್ಖಾನೆಗಳಿಂದ ಅರ್ಧ ದಿನದ ರಜೆಗೆ ಕಾದಾಡಿ ಬಂದವರು. ಮಣ್ಣು ಮುಗಿಸಿ ಮನೆಗೆ ಬಂದವಳು ಸ್ನಾನ ಮಾಡಿ ಆಡಿಟ್ ಸಂಸ್ಥೆಗೆ ಪತ್ರ ಬರೆಯಲು ಕೂತೆ. ಕಾರ್ಖಾನೆಯ ಹೆಸರು, ಲೈನು, ಕಾರ್ಡು, ಮೊಳೆ, ಬಗ್ಗಿದ ಕತ್ತು, ನನ್ನ ಸುಳ್ಳು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದೆ. ಆವತ್ತು ಬಾಯಿಂದ ಹೊರಡದೇ ಹೋದ ಒಂದು ವಾಕ್ಯಕ್ಕೆ ಈಗ ನಾಲ್ಕು ಪುಟ ಹಿಡಿಯಿತು. ವರದಿಯನ್ನು ತಿದ್ದಿ ಎಂದು ಕೊನೆಯಲ್ಲಿ ಕೇಳಿಕೊಂಡೆ.

ಮೂರು ವಾರಕ್ಕೆ ಉತ್ತರ ಬಂತು. ಬಹಳ ಮರ್ಯಾದಸ್ಥ ಉತ್ತರ. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ, ಆ ಕಾರ್ಖಾನೆ ಈಗ ನಮ್ಮ ಪಟ್ಟಿಯಲ್ಲಿಲ್ಲ, ಮುಗಿದ ವರದಿಗಳನ್ನು ಮತ್ತೆ ತೆರೆಯುವ ಅವಕಾಶವಿಲ್ಲ, ವಿಷಾದಿಸುತ್ತೇವೆ ಎಂದಿತ್ತು. ಓದಿ ಬಾಯಿ ಕಹಿಯಾಯಿತು. ಇನ್ನೊಂದು ಪತ್ರ ಬರೆದೆ. ಅದಕ್ಕೆ ಉತ್ತರವಿಲ್ಲ. ಬಟ್ಟೆ ಮಾರಿದ ಅಂಗಡಿಗೂ ಬರೆದಿದ್ದೇನೆ, ಅವರಿಂದಲೂ ಇಲ್ಲ. ಬರೆಯುವುದನ್ನು ಬಿಟ್ಟಿಲ್ಲ. ಅಕ್ಕ ಸತ್ತು ಎಂಟು ತಿಂಗಳಾಯಿತು; ಅವರ ಕಡತದಲ್ಲಿ ಅವಳು ಇವತ್ತಿಗೂ ಗುರುತಿನ ಚೀಟಿ ಮರೆತು ಬಂದವಳು.